ಪರಿಸರ ಎಂಜಿನಿಯರಿಂಗ್ ಓದಬೇಕೆನ್ನುವವರಿಗೆ: ಮೂಗು ಮುಚ್ಚಿಕೊಳ್ಳದೆ ಹಿಡಿಯುವ ದಾರಿ

ಪಾವಗಡದ ಕಡೆ ಇರುವ ನನ್ನ ಅಕ್ಕನ ಮಗಳು ಮೊದಲ ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಫೋನ್ ಮಾಡಿದಳು. “ಮಾವ, ನನಗೆ ಪರಿಸರ ಎಂದರೆ ಇಷ್ಟ. ಎನ್ವಿರಾನ್‌ಮೆಂಟಲ್ ಎಂಜಿನಿಯರಿಂಗ್ ಓದಬೇಕು. ಯಾವ ಕಾಲೇಜು ಒಳ್ಳೆಯದು?”

“ನಿಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?” ಎಂದೆ.

“ಮೋರಿಗೆ.”

“ಮೋರಿಯಿಂದ?”

ಅವಳು ಸುಮ್ಮನಾದಳು. ಇಪ್ಪತ್ತು ವರ್ಷ ಇದೇ ಕೆಲಸದಲ್ಲಿರುವ ನಾನೂ ಆ ವಯಸ್ಸಿನಲ್ಲಿ ಸುಮ್ಮನಾಗುತ್ತಿದ್ದೆ, ಬಿಡಿ. ಆ ದಿನದಿಂದ ಅವಳಿಗೆ ಕಂತು ಕಂತಾಗಿ ಹೇಳಿದ್ದನ್ನು ಇಲ್ಲಿ ಒಂದೆಡೆ ಬರೆದಿದ್ದೇನೆ. ಪಿಯುಸಿ, ಡಿಪ್ಲೊಮಾ ಅಥವಾ ಬಿಇ ಓದುತ್ತಿರುವ ಯಾರಿಗಾದರೂ ಇದು ಉಪಯೋಗಕ್ಕೆ ಬರಬಹುದು. ಮನೆಯವರೂ ಓದಲಿ, ಏಕೆಂದರೆ “ಗಿಡ ನೆಡುವುದಕ್ಕೆ ಎಂಜಿನಿಯರಿಂಗ್ ಏಕೆ?” ಎಂದು ಕೇಳುವವರು ಸಾಮಾನ್ಯವಾಗಿ ಅವರೇ.

ಗಿಡ ನೆಡುವುದು ಒಳ್ಳೆಯ ಕೆಲಸ. ಆದರೆ ಈ ವಿದ್ಯೆಗೂ ಅದಕ್ಕೂ ನಂಟು ಕಡಿಮೆ. ಹಿಂದೆ ಇದರ ಹೆಸರು ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಎಂದಿತ್ತು. ನಾಗಪುರದ ನೀರಿ (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) 1958ರಲ್ಲಿ ಹುಟ್ಟಿದ್ದು ಆ ಹೆಸರಿನಲ್ಲಿಯೇ. ‘ಪರಿಸರ’ ಎಂಬ ಪದ ಅದರ ಹೆಸರಿಗೆ ಸೇರಿದ್ದು 1974ರಲ್ಲಿ. ಕುಡಿಯುವ ನೀರು, ಕೊಳಚೆ ನೀರು, ಕಸ, ಹೊಗೆ, ಇವನ್ನು ಜನರ ಆರೋಗ್ಯ ಕೆಡದಂತೆ ನಿಭಾಯಿಸುವುದೇ ಅಂದಿಗೂ ಇಂದಿಗೂ ಇದರ ಕಸುಬು. ಸರ್ ಎಂ. ವಿಶ್ವೇಶ್ವರಯ್ಯನವರು ಎಂದರೆ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಅದಕ್ಕೂ ಮೊದಲು ಅವರು ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಕೊಟ್ಟಿದ್ದರು. 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ಹೋಗಿ ಪ್ರವಾಹ ತಡೆಯ ಜೊತೆಗೆ ಒಳಚರಂಡಿಯ ಯೋಜನೆಯನ್ನೂ ಹಾಕಿಕೊಟ್ಟಿದ್ದರು. ಸೆಪ್ಟೆಂಬರ್ 15ರ ಭಾಷಣಗಳಲ್ಲಿ ಚರಂಡಿಯ ಮಾತು ಯಾಕೋ ಬರುವುದಿಲ್ಲ.

ಮೊದಲ ಹೆಜ್ಜೆ: ಒಂದು ಭಾನುವಾರ, ಒಂದು ನೋಟ್‌ಬುಕ್

ಕಾಲೇಜು ಹುಡುಕುವ ಮೊದಲು ನಿಮ್ಮ ಊರಿನ ನೀರಿನ ಹಿಂದೆ ನಡೆಯಿರಿ. ಹಳ್ಳಿಯಾದರೆ ನೀರುಗಂಟಿಯನ್ನು ಹಿಡಿಯಿರಿ. ಕೊಳವೆಬಾವಿ ಎಷ್ಟು ಅಡಿ, ಮೋಟಾರ್ ಎಷ್ಟು ಹೊತ್ತು ಓಡುತ್ತದೆ, ಓವರ್‌ಹೆಡ್ ಟ್ಯಾಂಕ್ ತೊಳೆದು ಎಷ್ಟು ದಿನವಾಯಿತು, ಬ್ಲೀಚಿಂಗ್ ಪುಡಿ ಯಾವಾಗ ಹಾಕುತ್ತೀರಿ ಎಂದು ಕೇಳಿ. ಯಾವ ವಾಲ್ವ್ ತಿರುಗಿಸಿದರೆ ಯಾವ ಕೇರಿಗೆ ನೀರು, ಯಾವ ಕೇರಿಗೆ ಕೊನೆಗೆ ನೀರು ಎಂಬುದೂ ಅವರಿಗೆ ಗೊತ್ತು. ನಂತರ ಮೋರಿಯ ಜೊತೆ ಇಳಿಜಾರಿನತ್ತ ನಡೆಯಿರಿ. ಬೆಂಗಳೂರಿನವರಾದರೆ ಹತ್ತಿರದ ರಾಜಕಾಲುವೆಯ ದಂಡೆ ಸಾಕು. ಅದು ಯಾವ ಕೆರೆಗೆ ಸೇರುತ್ತದೆ, ಆ ಕೆರೆಯ ಕೋಡಿ ಬಿದ್ದರೆ ಮುಂದೆ ಯಾವ ಕೆರೆ ಎಂದು ನಕ್ಷೆಯಲ್ಲಿ ಗುರುತು ಹಾಕಿ.

ಬರೀ ನೋಡಿದರೆ ಅದು ಪ್ರವಾಸವಾಗುತ್ತದೆ. ಅಳೆಯಿರಿ. ಇದಕ್ಕೆ ಟೇಪು, ಮೊಬೈಲ್ ಗಡಿಯಾರ ಮತ್ತು ಒಂದು ಒಣಗಿದ ಎಲೆ ಸಾಕು. ಮೋರಿಯ ನೇರವಾದ 10 ಮೀಟರ್ ಭಾಗ ಆರಿಸಿಕೊಂಡು ಎಲೆ ಬಿಡಿ. ಅದು ಆ ತುದಿ ಮುಟ್ಟಲು 40 ಸೆಕೆಂಡ್ ತೆಗೆದುಕೊಂಡರೆ ವೇಗ ಸೆಕೆಂಡಿಗೆ 0.25 ಮೀಟರ್. ನೀರಿನ ಅಗಲ 60 ಸೆಂಟಿಮೀಟರ್, ಆಳ 10 ಸೆಂಟಿಮೀಟರ್ ಇದ್ದರೆ ಹರಿವಿನ ಅಡ್ಡಕೊಯ್ತ 0.06 ಚದರ ಮೀಟರ್. ಎರಡನ್ನೂ ಗುಣಿಸಿದರೆ ಸೆಕೆಂಡಿಗೆ 15 ಲೀಟರ್. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ 0.8ರಿಂದ ಗುಣಿಸಿ 12 ಲೀಟರ್ ಎಂದುಕೊಳ್ಳಿ. ದಿನವಿಡೀ ಹೀಗೆಯೇ ಹರಿದರೆ ಹತ್ತು ಲಕ್ಷ ಲೀಟರ್ ದಾಟುತ್ತದೆ.

ಈಗ ಮಜಾ ನೋಡಿ. ಒಳಚರಂಡಿ ಇರುವ ಪಟ್ಟಣಗಳಿಗೆ ನಮ್ಮ ದೇಶದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬ ಲೆಕ್ಕ ಹಿಡಿಯುತ್ತಾರೆ. ಅದರಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂದರೆ ತಲೆಗೆ 108 ಲೀಟರ್. ಹತ್ತು ಲಕ್ಷವನ್ನು ಅದರಿಂದ ಭಾಗಿಸಿದರೆ ಒಂಬತ್ತು ಸಾವಿರ ಚಿಲ್ಲರೆ ಜನ. ನಿಮ್ಮ ಬಡಾವಣೆಯಲ್ಲಿ ಅಷ್ಟು ಜನ ಇದ್ದಾರೆಯೇ? ಇಲ್ಲವಾದರೆ ಉಳಿದ ನೀರು ಎಲ್ಲಿಯದು? ಯಾವುದೋ ಕಾರ್ಖಾನೆಯದೇ, ಒಡೆದ ಪೈಪಿನದೇ, ಅಥವಾ ನೀವು ಅಳೆದದ್ದು ಎಲ್ಲರೂ ಸ್ನಾನ ಮಾಡುವ ಬೆಳಗಿನ ಹೊತ್ತೇ? ಇಷ್ಟು ತಲೆಕೆಡಿಸಿಕೊಂಡು ರಾತ್ರಿ ನಿದ್ದೆಗೆಟ್ಟರೆ ನಿಮಗೆ ಈ ವಿದ್ಯೆ ಒಗ್ಗುತ್ತದೆ. ವಾಸನೆಗೆ ತಲೆಸುತ್ತಿ ಹತ್ತು ನಿಮಿಷದಲ್ಲಿ ಮನೆಗೆ ಬಂದರೂ ನಷ್ಟವಿಲ್ಲ, ನಾಲ್ಕು ವರ್ಷ ಉಳಿಯಿತು.

ಒಂದು ಕಟ್ಟುನಿಟ್ಟು: ದಂಡೆಯಲ್ಲಿ ನಿಂತೇ ಅಳೆಯಬೇಕು. ಮೋರಿಗೆ, ಕಾಲುವೆಗೆ ಇಳಿಯಬೇಡಿ. ಮ್ಯಾನ್‌ಹೋಲ್ ಮುಚ್ಚಳವನ್ನು ಮುಟ್ಟಲೂಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಪಿಯುಸಿ ಮತ್ತು ಸಿಇಟಿ

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದರೆ ಸಾಕು. ಜೀವಶಾಸ್ತ್ರ ಇಲ್ಲವೆಂದು ಕೊರಗಬೇಡಿ, ಬೇಕಾದ ಸೂಕ್ಷ್ಮಜೀವಿಶಾಸ್ತ್ರವನ್ನು ಮುಂದೆ ಕಲಿಸುತ್ತಾರೆ. ಮೂರರಲ್ಲಿ ಹೆಚ್ಚು ಪ್ರೀತಿ ರಸಾಯನಶಾಸ್ತ್ರದ ಮೇಲಿರಲಿ. ಮೋಲ್ ಲೆಕ್ಕ, ಆಮ್ಲ-ಪ್ರತ್ಯಾಮ್ಲ, ಉತ್ಕರ್ಷಣ-ಅಪಕರ್ಷಣ, ಇವು ಪರೀಕ್ಷೆಯ ನಂತರ ಮರೆಯುವ ಪಾಠಗಳಲ್ಲ. ಇದೇ ಕಸುಬಿನ ಅನ್ನ.

ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆದ್ದರಿಂದ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿ ಕೋಚಿಂಗ್ ಹಿಂದೆ ಓಡುವುದು ಜಾಣತನವಲ್ಲ. ಹಳ್ಳಿಯ ಶಾಲೆಯಲ್ಲಿ ಹತ್ತು ವರ್ಷ ಓದಿದವರಿಗೆ ಗ್ರಾಮೀಣ ಮೀಸಲಾತಿ, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲಾತಿ, ಕಲ್ಯಾಣ ಕರ್ನಾಟಕದವರಿಗೆ 371(ಜೆ), ಕಡಿಮೆ ಆದಾಯದವರಿಗೆ ಎಸ್‌ಎನ್‌ಕ್ಯೂ (ಬೋಧನಾ ಶುಲ್ಕ ವಿನಾಯಿತಿಯ ಹೆಚ್ಚುವರಿ) ಸೀಟು ಇವೆ. ಇವಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಸಹಿ ಬೇಕು; ನಾಡಕಚೇರಿಯ ಜಾತಿ-ಆದಾಯ ಪತ್ರ ಚಾಲ್ತಿಯಲ್ಲಿರಬೇಕು. ಜನವರಿಯಲ್ಲಿಯೇ ಓಡಾಡಿ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಸರ್ವರ್ ಕೆಟ್ಟಿರುತ್ತದೆ ಎಂಬುದು ಪ್ರಕೃತಿ ನಿಯಮ.

ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಾಲಿಟೆಕ್ನಿಕ್‌ಗೆ ಹೋಗಿ ಸಿವಿಲ್ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಆ ದಾರಿಯಲ್ಲಿ ಬಂದವರು ಸೈಟಿನಲ್ಲಿ ಬೇಗ ಕೈಕೂಡುತ್ತಾರೆ ಎಂಬುದು ನಾನು ಕಂಡದ್ದು.

ಯಾವ ಬ್ರಾಂಚ್?

ಬಿಇ ಹಂತದಲ್ಲಿಯೇ ಪರಿಸರ ಎಂಜಿನಿಯರಿಂಗ್ ಕಲಿಸಿದ ಕಾಲೇಜುಗಳು ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಮೈಸೂರಿನ ಎಸ್‌ಜೆಸಿಇ ಅವುಗಳಲ್ಲಿ ಹಳೆಯ ಹೆಸರು. ಹೊರರಾಜ್ಯದಲ್ಲಿ ಧನಬಾದ್‌ನ ಐಐಟಿಯಲ್ಲಿ, ದೆಹಲಿಯ ಡಿಟಿಯುವಿನಲ್ಲಿ ಈ ಪದವಿ ಇದೆ. ಇಂಥ ಕೋರ್ಸ್‌ಗಳು ವಿದ್ಯಾರ್ಥಿಗಳಿಲ್ಲದೆ ಒಂದು ವರ್ಷ ನಿಂತು ಮತ್ತೆ ತೆರೆಯುವುದೂ ಉಂಟು; ಆ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಕಾಲೇಜಿನಲ್ಲಿ ಯಾವ ಕೋರ್ಸಿಗೆ ಎಷ್ಟು ಸೀಟು ಎಂಬ ಪಟ್ಟಿ) ನೋಡದೆ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ ಸೇರಿಸಿ.

ನನ್ನ ಸಲಹೆ ನೇರವಾಗಿದೆ: ಹೆಚ್ಚಿನವರು ಸಿವಿಲ್ ತೆಗೆದುಕೊಳ್ಳಿ, ಪರಿಸರವನ್ನು ಎಂ.ಟೆಕ್‌ನಲ್ಲಿ ಹಿಡಿಯಿರಿ. ಬೆಂಗಳೂರಿನವರು ಕುಡಿಯುವ ಕಾವೇರಿಯನ್ನೇ ನೋಡಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಎತ್ತಿ, ಗುಡ್ಡ ಹತ್ತಿಸಿ ತರಬೇಕು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು. ಅದರಲ್ಲಿ ನೀರಿನ ಶುದ್ಧೀಕರಣ ಒಂದು ಭಾಗ. ಉಳಿದದ್ದು ಪೈಪು, ಪಂಪು, ಮಣ್ಣು, ಕಾಂಕ್ರೀಟು, ಸರ್ವೆ. ಸಿವಿಲ್ ಓದಿದವರಿಗೆ ಇಡೀ ಸಾಲು ಕಾಣುತ್ತದೆ. ಸರ್ಕಾರಿ ಹುದ್ದೆಗಳ ಅಧಿಸೂಚನೆಗಳಲ್ಲಿಯೂ ಸಿವಿಲ್ ಎಂಬ ಪದ ಹೆಚ್ಚು ಬಾಗಿಲು ತೆರೆಯುತ್ತದೆ.

ರಸಾಯನಶಾಸ್ತ್ರದ ಹುಚ್ಚು ಇರುವವರು ಕೆಮಿಕಲ್ ಎಂಜಿನಿಯರಿಂಗ್ ನೋಡಿ. ಔಷಧ ಕಾರ್ಖಾನೆ, ಬಟ್ಟೆಗೆ ಬಣ್ಣ ಹಾಕುವ ಘಟಕ, ಸಕ್ಕರೆ ಮತ್ತು ಡಿಸ್ಟಿಲರಿಗಳ ತ್ಯಾಜ್ಯ ನೀರಿನ ಕೆಲಸಕ್ಕೆ ಅವರೇ ಸರಿ. ಬಿಎಸ್‌ಸಿ, ಎಂಎಸ್‌ಸಿ ಪರಿಸರ ವಿಜ್ಞಾನ ಬೇರೆಯ ದಾರಿ. ಪ್ರಯೋಗಾಲಯ, ಜೀವವೈವಿಧ್ಯ, ಸಂಶೋಧನೆಗೆ ಅದು ಒಳ್ಳೆಯದು. ಆದರೆ ‘ಎಂಜಿನಿಯರ್’ ಎಂಬ ಹುದ್ದೆಗೆ ಬಹುಪಾಲು ಬಿಇ ಕೇಳುತ್ತಾರೆ, ಇದನ್ನು ಸೇರುವ ಮೊದಲೇ ತಿಳಿದುಕೊಳ್ಳಿ.

ಕಾಲೇಜು ನೋಡಲು ಹೋದಾಗ ಕಟ್ಟಡ, ಕ್ಯಾಂಟೀನ್ ನೋಡಿ ಮರುಳಾಗದೆ ಎನ್ವಿರಾನ್‌ಮೆಂಟಲ್ ಲ್ಯಾಬ್ ಎಲ್ಲಿದೆ ಎಂದು ಕೇಳಿ. ನೀರಿನ ಹೊಲಸನ್ನು ಅಳೆಯುವ ಬಿಓಡಿ ಪರೀಕ್ಷೆಯ ಇನ್‌ಕ್ಯುಬೇಟರ್ ಇದೆಯೇ, ಅದರ ಪ್ಲಗ್ ಗೋಡೆಗೆ ಸೇರಿದೆಯೇ? ಹಿರಿಯ ವಿದ್ಯಾರ್ಥಿಯೊಬ್ಬರನ್ನು ಪಕ್ಕಕ್ಕೆ ಕರೆದು “ನಿಮ್ಮ ಕೈಯಿಂದಲೇ ಎಷ್ಟು ಸಲ ಟೈಟ್ರೇಶನ್ ಮಾಡಿದ್ದೀರಿ?” ಎಂದು ಕೇಳಿ. ನಾನು ಓದಿದ ಕಾಲೇಜಿನಲ್ಲಿ ಇನ್‌ಕ್ಯುಬೇಟರ್ ಚೆನ್ನಾಗಿಯೇ ತಣ್ಣಗಿತ್ತು. ಅಟೆಂಡರ್ ಅದರಲ್ಲಿ ಮಜ್ಜಿಗೆ ಇಡುತ್ತಿದ್ದರು. ಒಳ್ಳೆಯ ಮಜ್ಜಿಗೆ, ನಾವೂ ಕುಡಿದಿದ್ದೇವೆ. ಬಿಓಡಿ ಕಲಿತದ್ದು ಮಾತ್ರ ಕೆಲಸಕ್ಕೆ ಸೇರಿದ ಮೇಲೆ.

ನಾಲ್ಕು ವರ್ಷಗಳಲ್ಲಿ ಏನನ್ನು ಗಟ್ಟಿಯಾಗಿ ಹಿಡಿಯಬೇಕು

ಸಿಲೆಬಸ್ ಉದ್ದವಿದೆ. ಅದರಲ್ಲಿ ಎರಡು ವಿಷಯ ನೆಟ್ಟಗಾದರೆ ಉಳಿದವು ತಾವಾಗಿ ಬಂದು ಕೂರುತ್ತವೆ ಎಂಬುದು ನನ್ನ ಅನುಭವ.

ಮೊದಲನೆಯದು ರಾಶಿಯ ಲೆಕ್ಕ (ಮಾಸ್ ಬ್ಯಾಲೆನ್ಸ್). ಒಳಗೆ ಬಂದದ್ದು ಒಂದೋ ಹೊರಗೆ ಹೋಗಬೇಕು, ಇಲ್ಲವೇ ಒಳಗೇ ಉಳಿಯಬೇಕು, ಇಲ್ಲವೇ ಬೇರೆ ಏನಾದರೂ ಆಗಿರಬೇಕು. ಕಿರಾಣಿ ಅಂಗಡಿಯ ಜಮಾ-ಖರ್ಚಿನಷ್ಟೇ ಸರಳ. ಅಕ್ಕನ ಮಗಳಿಗೆ ಅವಳ ಊರಿನದೇ ಉದಾಹರಣೆ ಕೊಟ್ಟೆ. ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಮಕ್ಕಳ ಹಲ್ಲಿನ ಕಂದು ಕಲೆಯಲ್ಲಿ, ಮುದುಕರ ಬಾಗದ ಮೊಣಕಾಲಿನಲ್ಲಿ ಕಾಣುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದಕ್ಕೇ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ.

“ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದುಕೋ. ಆರ್‌ಓ ಯಂತ್ರಕ್ಕೆ 100 ಲೀಟರ್ ಹೋಯಿತು. ಒಟ್ಟು ಫ್ಲೋರೈಡ್ ಎಷ್ಟು?”

“300 ಮಿಲಿಗ್ರಾಂ.”

“ಕ್ಯಾನಿಗೆ 40 ಲೀಟರ್ ಬಂತು, ಅದರಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಇಲ್ಲ. ಹಾಗಾದರೆ ಉಳಿದ 60 ಲೀಟರಿನಲ್ಲಿ?”

“ಲೀಟರಿಗೆ 5. ಮಾವ, ಅದು ಮೊದಲಿಗಿಂತ ಜಾಸ್ತಿ ಆಯಿತಲ್ಲ. ಆ 60 ಲೀಟರ್ ಎಲ್ಲಿಗೆ ಹೋಗುತ್ತದೆ?”

ನಾನು ಉತ್ತರ ಕೊಡಲಿಲ್ಲ. ಫೋನ್ ಇಟ್ಟೆ.

ಎರಡನೆಯದು ಸೂಕ್ಷ್ಮಜೀವಿಗಳ ಸಂಸಾರ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ತೋರಿಸಿಕೊಟ್ಟ ಒಂದು ಉಪಾಯದ ಮೇಲೆ ಇಂದಿಗೂ ಜಗತ್ತಿನ ಅಸಂಖ್ಯ ಕೊಳಚೆ ಶುದ್ಧೀಕರಣ ಘಟಕಗಳು (ಎಸ್‌ಟಿಪಿ) ನಡೆಯುತ್ತಿವೆ. ಕೊಳಚೆಗೆ ಗಾಳಿ ಊದಿದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಹೊಲಸನ್ನು ತಿಂದು ಬೆಳೆಯುತ್ತವೆ. ಅವು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಬಿಟ್ಟು, ತಳದ ರೊಚ್ಚಿನ ಒಂದು ಭಾಗವನ್ನು ಮತ್ತೆ ಹೊಸ ಕೊಳಚೆಗೆ ಸೇರಿಸಬೇಕು. ನಮ್ಮ ಅಮ್ಮಂದಿರು ದಿನವೂ ಮಾಡುವುದು ಇದನ್ನೇ. ನಿನ್ನೆಯ ಮೊಸರನ್ನು ಸ್ವಲ್ಪ ಉಳಿಸಿ ಇಂದಿನ ಹಾಲಿಗೆ ಹೆಪ್ಪು ಹಾಕುತ್ತಾರೆ. ಹೆಪ್ಪು ಕಡಿಮೆಯಾದರೆ ಹಾಲು ಹೆಪ್ಪುಗಟ್ಟದು, ಹೆಚ್ಚಾದರೆ ಹುಳಿ. ಎಸ್‌ಟಿಪಿಯಲ್ಲಿ ಎಷ್ಟು ರೊಚ್ಚು ಹಿಂದಕ್ಕೆ ಕಳಿಸಬೇಕು, ಎಷ್ಟನ್ನು ತೆಗೆದು ಹೊರಹಾಕಬೇಕು ಎಂಬುದು ಇಷ್ಟೇ ನಾಜೂಕಿನ ಕೆಲಸ.

ಇದನ್ನು ಪುಸ್ತಕದಲ್ಲಿ ಹತ್ತು ಪುಟ ಓದುವ ಬದಲು ಒಂದು ಲೀಟರಿನ ಅಳತೆ ಜಾಡಿಯಲ್ಲಿ ನೋಡಬಹುದು. ಗಾಳಿ ತೊಟ್ಟಿಯ ನೀರನ್ನು ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. 300 ಮಿಲಿಲೀಟರ್ ಗುರುತಿನ ಹತ್ತಿರ ಕಂದು ರೊಚ್ಚು ಕೂತು ಮೇಲೆ ತಿಳಿಯಾಗಿದ್ದರೆ, ಮತ್ತು ಲೀಟರಿಗೆ ಮೂರು ಗ್ರಾಂನಷ್ಟು ಘನವಸ್ತು ಇದ್ದರೆ, ಒಂದು ಗ್ರಾಂ ರೊಚ್ಚು 100 ಮಿಲಿಲೀಟರ್ ಜಾಗ ಹಿಡಿದಿದೆ ಎಂದರ್ಥ. ಘಟಕ ಆರೋಗ್ಯವಾಗಿದೆ. 150 ದಾಟಿದರೆ ರೊಚ್ಚು ಉಬ್ಬುತ್ತಿದೆ, ಕೂರುವುದಿಲ್ಲ, ತಿಳಿಯ ಜೊತೆ ಹೊರಗೆ ಹೋಗುತ್ತದೆ. ಬಣ್ಣ, ವಾಸನೆಯನ್ನೂ ಓದಬೇಕು. ಆರೋಗ್ಯವಂತ ರೊಚ್ಚಿಗೆ ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಇರುತ್ತದೆ. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಉಸಿರುಕಟ್ಟಿ ಸಾಯುತ್ತಿದೆ ಎಂದು ತಿಳಿಯಿರಿ.

ಬಿಓಡಿ ಎಂಬುದೂ ಉಸಿರಿನ ಲೆಕ್ಕವೇ. ಬಾಟಲಿಯಲ್ಲಿ ಮುಚ್ಚಿಟ್ಟ ನೀರಿನ ಬ್ಯಾಕ್ಟೀರಿಯಾ ಹೊಲಸು ತಿನ್ನುತ್ತ ಎಷ್ಟು ಆಮ್ಲಜನಕ ಬಳಸಿತು ಎಂಬುದನ್ನು ಅಳೆಯುತ್ತೇವೆ. ವಿದೇಶಿ ಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ ಐದು ದಿನ ಎಂದಿರುತ್ತದೆ. ನಮ್ಮ ಬಿಸಿಲಿನ ನಾಡಿನ ಪದ್ಧತಿ 27 ಡಿಗ್ರಿಯಲ್ಲಿ ಮೂರು ದಿನ. ಪರೀಕ್ಷೆ ಕೆಟ್ಟರೆ ಮತ್ತೆ ಮೂರು ದಿನ. ತಾಳ್ಮೆಯನ್ನು ಇದು ಚೆನ್ನಾಗಿ ಕಲಿಸುತ್ತದೆ, ಬೇಡವೆಂದರೂ.

ಇವೆರಡರ ಜೊತೆಗೆ ಸ್ಪ್ರೆಡ್‌ಶೀಟ್, ಒಂದು ಭೂನಕ್ಷೆ ತಂತ್ರಾಂಶ (ಕ್ಯೂಜಿಐಎಸ್ ಉಚಿತ), ಡ್ರಾಯಿಂಗ್ ಓದುವುದು ಕಲಿಯಿರಿ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ ತಾಂತ್ರಿಕ ವಿಭಾಗವಾದ ಸಿಪಿಎಚ್‌ಇಇಓದ ನೀರು, ಒಳಚರಂಡಿ ಕೈಪಿಡಿಗಳು ಉಚಿತವಾಗಿ ಸಿಗುತ್ತವೆ. ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ತೆರೆಯುವುದು ಅವನ್ನೇ.

ರಜೆಯಲ್ಲಿ ಘಟಕಕ್ಕೆ ಹೋಗಿ

ಎರಡನೇ ವರ್ಷದ ರಜೆಯಿಂದಲೇ ಶುರುಮಾಡಿ. ನಿಮ್ಮ ಪಟ್ಟಣದ ನಗರಸಭೆಯಲ್ಲಿ ಪರಿಸರ ಅಭಿಯಂತರರು ಇರುತ್ತಾರೆ. ಪೌರಾಯುಕ್ತರ ಹೆಸರಿಗೆ ಕನ್ನಡದಲ್ಲಿ ಒಂದು ಪುಟದ ಅರ್ಜಿ ಬರೆಯಿರಿ: ಯಾರು, ಯಾವ ಕಾಲೇಜು, ಎಷ್ಟು ದಿನ, ಏನನ್ನು ನೋಡಬೇಕು. ಜೊತೆಗೆ ಕಾಲೇಜಿನ ಪತ್ರ ಇಡಿ, ಖುದ್ದಾಗಿ ಹೋಗಿ ಕೊಡಿ. ಇಮೇಲ್ ಕಳಿಸಿ ಕಾಯುತ್ತ ಕೂತರೆ ರಜೆ ಮುಗಿದಿರುತ್ತದೆ. ನೀರು ಶುದ್ಧೀಕರಣ ಘಟಕ, ಕಸ ವಿಲೇವಾರಿ ಘಟಕ, ಖಾಸಗಿ ಪ್ರಯೋಗಾಲಯ, ದೊಡ್ಡ ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಎಲ್ಲವೂ ಪಾಠಶಾಲೆಗಳೇ. ಒಳಚರಂಡಿ ಇಲ್ಲದ ಊರಿನ ಶೌಚಗುಂಡಿಯ ರೊಚ್ಚನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ಒಂದು ಉತ್ತರ. ದೇಶದಲ್ಲಿ ಈ ಬಗೆಯ ಮೊದಲ ಘಟಕಗಳಲ್ಲೊಂದು ಅದು; ಅನುಮತಿ ಪಡೆದು ನೋಡಿ ಬನ್ನಿ.

ಅಲ್ಲಿಗೆ ಹೋದ ಮೇಲೆ ಮ್ಯಾನೇಜರ್ ಕೋಣೆಯಲ್ಲಿ ಕೂರಬೇಡಿ. ರಾತ್ರಿ ಪಾಳಿಯ ಆಪರೇಟರ್ ಅಣ್ಣನ ಜೊತೆ ಎರಡು ದಿನ ಇರಿ. ಗಾಳಿ ಊದುವ ಬ್ಲೋವರಿನ ಸದ್ದು ಬದಲಾದರೆ ಏನು ಕೆಟ್ಟಿದೆ ಎಂದು ಅವರು ನಿದ್ದೆಯಲ್ಲೂ ಹೇಳುತ್ತಾರೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಅಪಾರ್ಟ್‌ಮೆಂಟಿನ ಘಟಕ ಪ್ರತಿ ಸೋಮವಾರ ನಾರುತ್ತಿತ್ತು. ವಾರವಿಡೀ ಸರಿ, ಸೋಮವಾರ ಮಾತ್ರ ಕಪ್ಪು. ನಾನು ವಿನ್ಯಾಸದ ಲೆಕ್ಕವನ್ನು ಮೂರು ಸಲ ತಿದ್ದಿದೆ. ಕೊನೆಗೆ ಆಪರೇಟರ್ ಮೆಲ್ಲಗೆ ಹೇಳಿದರು: ಕರೆಂಟ್ ಬಿಲ್ ಉಳಿಸಲು ಶನಿವಾರ, ಭಾನುವಾರ ರಾತ್ರಿ ಬ್ಲೋವರ್ ಆರಿಸಿ ಎಂದು ಸಂಘದ ಖಜಾಂಚಿಯ ಅಪ್ಪಣೆಯಾಗಿತ್ತು. ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳ ಉಸಿರು ಒಬ್ಬ ಖಜಾಂಚಿಯ ಬೆರಳಿನಲ್ಲಿತ್ತು. ಅವರ ಮನೆಯ ಸೋಫಾದಲ್ಲಿ ಕೂತು, ಕಾಫಿ ಕುಡಿದು, ಹೆಪ್ಪಿನ ಕಥೆ ಹೇಳಿ ಒಪ್ಪಿಸಿದೆ. ಕಾಲೇಜಿನಲ್ಲಿ ಯಾರೂ ಕಲಿಸದ ಎಂಜಿನಿಯರಿಂಗ್ ಅದು.

ಈಗ ಮ್ಯಾನ್‌ಹೋಲ್ ಮಾತು. ಇಡೀ ಲೇಖನದಲ್ಲಿ ಮೂಗನ್ನು ನಂಬಿ ಎನ್ನುತ್ತಿದ್ದೇನೆ. ಇಲ್ಲಿ ಮಾತ್ರ ನಂಬಬೇಡಿ. ಮುಚ್ಚಿದ ಗುಂಡಿ, ತೊಟ್ಟಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿಕೊಂಡಿರುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹತ್ತು ಲಕ್ಷಕ್ಕೆ ನೂರು ಪಾಲು ಆಗುವ ಹೊತ್ತಿಗೆ ಮೂಗಿನ ಶಕ್ತಿಯೇ ಸತ್ತು ವಾಸನೆ ಹೋಯಿತೆಂದು ಭ್ರಮೆಯಾಗುತ್ತದೆ. ಮೊದಲು ಇಳಿದವನು ಬಿದ್ದ, ಎತ್ತಲು ಹೋದವನೂ ಬಿದ್ದ ಎಂಬ ಸುದ್ದಿಗಳ ಹಿಂದಿರುವುದು ಇದೇ. ಗ್ಯಾಸ್ ಡಿಟೆಕ್ಟರ್, ಗಾಳಿ ಊದುವ ವ್ಯವಸ್ಥೆ, ಸೊಂಟಪಟ್ಟಿ, ಮೇಲೆ ಕಾವಲು ಇಲ್ಲದೆ ಯಾರೂ ಇಳಿಯಕೂಡದು. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ನಾಳೆ ನೀವು ಅಧಿಕಾರಿಯಾದಾಗ “ಐದು ನಿಮಿಷದ ಕೆಲಸ ಸಾರ್, ಇಳಿದು ಬಿಡುತ್ತಾನೆ” ಎನ್ನುವ ಗುತ್ತಿಗೆದಾರ ಎದುರಾಗುತ್ತಾನೆ. ಅವನಿಗೆ ಹೇಳಬೇಕಾದ ಉತ್ತರವನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳಿ.

ಗೇಟ್ ಮತ್ತು ಎಂ.ಟೆಕ್

ಎಂ.ಟೆಕ್ ಸೇರಲು ಬರೆಯುವ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆ ಇದೆ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯದ್ದು. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಸಿವಿಲ್ ಪತ್ರಿಕೆಯಲ್ಲಿಯೂ ಪರಿಸರದ ಭಾಗ ಇರುವುದರಿಂದ ಎರಡರ ತಯಾರಿ ಅಷ್ಟಿಷ್ಟು ಕೂಡಿಬರುತ್ತದೆ. ಆರನೇ ಸೆಮಿಸ್ಟರಿನಲ್ಲಿ ಶುರುಮಾಡಿದರೆ ಉಸಿರಾಡಲು ಸಮಯವಿರುತ್ತದೆ.

ಬಾಂಬೆ, ಮದ್ರಾಸ್, ಕಾನ್ಪುರ, ರೂರ್ಕಿ, ಖರಗ್‌ಪುರ ಐಐಟಿಗಳಲ್ಲಿ, ನಮ್ಮಲ್ಲಿ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಈ ವಿಷಯದ ಎಂ.ಟೆಕ್ ಇದೆ. ಕಲಬುರಗಿಯ ಪಿಡಿಎ ಕಾಲೇಜು, ಬೆಂಗಳೂರಿನ ಬಿಎಂಎಸ್ ಕೂಡ ಈ ವಿಷಯಕ್ಕೆ ಹೆಸರಾದವು. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಮನೆಗೆ ದುಡ್ಡು ಕೇಳದೆ ಓದಬಹುದು ಎಂಬುದು ಎಷ್ಟೋ ಹೆಣ್ಣುಮಕ್ಕಳ ಮಟ್ಟಿಗೆ ರ‍್ಯಾಂಕಿಗಿಂತ ದೊಡ್ಡ ವಾದ. ಮದುವೆಯ ಮಾತು ಬಂದಾಗ ಬಳಸಿಕೊಳ್ಳಿ.

ವಿದೇಶಕ್ಕೆ ಹೋಗುವ ಆಸೆಯಿದ್ದರೆ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿರುವ ಐಎಚ್‌ಇ ನೀರಿನ ವಿದ್ಯೆಗೆಂದೇ ಇರುವ ಸಂಸ್ಥೆ. ಜರ್ಮನಿಗೆ ಡಿಎಎಡಿ ವಿದ್ಯಾರ್ಥಿವೇತನವಿದೆ. ಎರಡು ವರ್ಷ ಇಲ್ಲಿನ ಕೊಳಚೆಯಲ್ಲಿ ಕೆಲಸ ಮಾಡಿ ಹೋದವರ ಅರ್ಜಿಗೆ ತೂಕ ಹೆಚ್ಚು.

ಕೆಲಸ ಎಲ್ಲಿ

ಸರ್ಕಾರದ ಕಡೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಗಳೂರು ಜಲಮಂಡಳಿ, ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ, ನಗರಸಭೆಗಳು. ನೇಮಕಾತಿ ವರ್ಷಗಟ್ಟಲೆ ಬರುವುದಿಲ್ಲ, ಬಂದರೆ ನ್ಯಾಯಾಲಯದಲ್ಲಿ ನಿಲ್ಲುತ್ತದೆ. ಅದನ್ನೇ ನಂಬಿ ಕೋಣೆ ಹಿಡಿದು ಕೂರಬೇಡಿ. ಕೆಲಸ ಮಾಡುತ್ತಲೇ ಬರೆಯಿರಿ. ಅಧಿಸೂಚನೆ ಬಂದಾಗ ಸಂಬಳಕ್ಕಿಂತ ಮೊದಲು ವಿದ್ಯಾರ್ಹತೆಯ ಸಾಲನ್ನು ಓದಿ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಈ ಮೂರರ ಮೂಲ ಪಠ್ಯವನ್ನು ಒಮ್ಮೆಯಾದರೂ ಓದಿರಬೇಕು.

ಖಾಸಗಿಯಲ್ಲಿ ಘಟಕ ಕಟ್ಟುವ ಕಂಪನಿಗಳು, ಕಾರ್ಖಾನೆಗಳ ಪರಿಸರ ಮತ್ತು ಸುರಕ್ಷತಾ ವಿಭಾಗ, ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯಗಳು, ಪರಿಸರ ಪರಿಣಾಮ ಅಧ್ಯಯನ ಮಾಡುವ ಸಲಹಾ ಸಂಸ್ಥೆಗಳು ಇವೆ. ಆರಂಭದ ಸಂಬಳ ಸಾಫ್ಟ್‌ವೇರ್ ಗೆಳೆಯರ ಮುಂದೆ ಹೇಳಿಕೊಳ್ಳುವಂತೆ ಇರುವುದಿಲ್ಲ. ಐದಾರು ವರ್ಷ ಘಟಕ ನಡೆಸಿ ಗೊತ್ತಿದ್ದವರಿಗೆ ಬೇಡಿಕೆ ಬೇರೆಯೇ ಇದೆ, ಏಕೆಂದರೆ ಕಟ್ಟುವವರು ಬಹಳ, ನಡೆಸಬಲ್ಲವರು ಕಡಿಮೆ. ಸಲಹಾ ಸಂಸ್ಥೆಗೆ ಸೇರುವುದಾದರೆ ಒಂದು ಎಚ್ಚರ: ಹಳೆಯ ವರದಿಯ ಊರ ಹೆಸರು ಬದಲಿಸಿ ಹೊಸ ವರದಿ ಮಾಡು ಎಂದು ಮೊದಲ ತಿಂಗಳಲ್ಲೇ ಹೇಳಿದರೆ, ಎರಡನೇ ತಿಂಗಳು ಬೇರೆ ಕೆಲಸ ಹುಡುಕಿ. ಸಹಿ ನಿಮ್ಮದಾಗಿರುತ್ತದೆ.

ಕನ್ನಡ ಬರುವುದು ಇಲ್ಲಿ ಒಂದು ಆಸ್ತಿ. ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, 30 ದಿನ ಮೊದಲು ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಅಂಥ ಸಾರಾಂಶಗಳನ್ನು ಓದಿ ನೋಡಿ. ಯಂತ್ರದ ಬಾಯಿಯಿಂದ ಬಂದ ಕನ್ನಡ ರೈತನಿಗೆ ಏನು ತಿಳಿದೀತು? ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಒಯ್ಯುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿತು. ಬೆಳ್ಳಂದೂರಿನ ನೊರೆ, ಬೆಂಕಿಯನ್ನು ಟಿವಿಯಲ್ಲಿ ನೋಡಿದ್ದ ರೈತರು ಕೇಳಿದ್ದು ಸರಳವಾದ ಪ್ರಶ್ನೆ: ಈ ನೀರು ಇಂಗಿದ ಕೊಳವೆಬಾವಿಯಿಂದ ಕುಡಿಯಬಹುದೇ? ‘ದ್ವಿತೀಯ ಹಂತದ ಸಂಸ್ಕರಣೆ’ ಎಂಬುದು ಅದಕ್ಕೆ ಉತ್ತರವಲ್ಲ. ಯಾವ ಯಾವ ಕಲ್ಮಶ ತೆಗೆದಿದೆ, ಯಾವುದನ್ನು ತೆಗೆದಿಲ್ಲ, ಮಣ್ಣು ಏನನ್ನು ಹಿಡಿದಿಟ್ಟುಕೊಳ್ಳುತ್ತದೆ, ಏನನ್ನು ಬಿಟ್ಟುಬಿಡುತ್ತದೆ ಎಂದು ಅವರ ಮಾತಿನಲ್ಲಿಯೇ ಹೇಳಬಲ್ಲ ಎಂಜಿನಿಯರ್ ಬೇಕು. ಮನೆಯಲ್ಲಿ ಅಜ್ಜಿಗೆ ಬಿಓಡಿ ಏನೆಂದು ವಿವರಿಸಿ ಅಭ್ಯಾಸ ಮಾಡಿ. ಅಜ್ಜಿ ಎರಡನೇ ಪ್ರಶ್ನೆ ಕೇಳಿದರೆ ನೀವು ಪಾಸು.

ಅಕ್ಕನ ಮಗಳಿಗೆ ಇವೆಲ್ಲ ಹೇಳಿ ಮುಗಿಸಿ ಮೂರು ವಾರವಾಗಿತ್ತು. ಒಂದು ಸಂಜೆ ವಾಟ್ಸಾಪ್‌ನಲ್ಲಿ ಅವಳ ನೋಟ್‌ಬುಕ್ಕಿನ ಫೋಟೋ ಬಂತು. ಪಂಚಾಯಿತಿ ಪಕ್ಕದ ಶುದ್ಧ ನೀರಿನ ಘಟಕದ ಹಿಂದೆ ಬಕೆಟ್ ಹಿಡಿದು ಕೂತು ಲೆಕ್ಕ ಹಾಕಿದ್ದಳು: ಒಂದು 20 ಲೀಟರ್ ಕ್ಯಾನ್ ತುಂಬುವಷ್ಟರಲ್ಲಿ ಹಿಂದಿನ ಪೈಪಿನಿಂದ 32 ಲೀಟರ್. ಕೆಳಗೆ ಒಂದು ನಕ್ಷೆ. ಪೈಪಿನಿಂದ ಮೋರಿಗೆ ಬಾಣ, ಮೋರಿಯಿಂದ ಕೆರೆಗೆ ಬಾಣ. ಕೆರೆಯ ಏರಿಯ ಕೆಳಗೆ ಒಂದು ಚಿಕ್ಕ ವೃತ್ತ ಬರೆದು ‘ಊರಿನ ಕೊಳವೆಬಾವಿ’ ಎಂದು ಗುರುತಿಸಿದ್ದಳು. ಕೆರೆಯಿಂದ ಆ ವೃತ್ತದವರೆಗೆ ಚುಕ್ಕೆಗಳ ಸಾಲು ಎಳೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.

ಜೊತೆಗೊಂದು ಸಂದೇಶ: “ಘಟಕ ನೋಡಿಕೊಳ್ಳುವ ಅಣ್ಣ ಬೈದರು. ನಾಳೆ ಕೊಳವೆಬಾವಿಯ ನೀರನ್ನು ಯಾವ ಬಾಟಲಿಯಲ್ಲಿ ತೆಗೆಯಬೇಕು ಮಾವ, ಗಾಜಿನದೋ ಪ್ಲಾಸ್ಟಿಕ್ಕಿನದೋ?”

ಫ್ಲೋರೈಡ್ ಗಾಜಿಗೆ ಹತ್ತಿಕೊಳ್ಳುತ್ತದೆ. ಪ್ಲಾಸ್ಟಿಕ್ ಎಂದು ಉತ್ತರಿಸಿದೆ.